ಆಮೆಯ ಪಟದ ಹಿಂಬದಿ

ಪಟಗಳಿಗೆ ಗಾಜಿನ ಕಟ್ಟು ಹಾಕಿಕೊಡುವ ಕಟ್ಟಿನಕ್ಕನ ಅಂಗಡಿಗೆ ಕ್ರಿಕೆಟ್ ಆಟಗಾರನ ಪಟ ಒಯ್ಯುವವನು ಮಾನ ಮರ್ಯಾದೆಯನ್ನು ಮನೆಯಲ್ಲೇ ಕಳಚಿಟ್ಟು ಹೋಗಬೇಕು ಎಂದು ಆ ಬೀದಿಯವರು ಹೇಳುತ್ತಿದ್ದರು. ಎದುರಂಗಡಿಯ ದರ್ಜಿ ಅದಕ್ಕೆ ತನ್ನದೂ ಒಂದು ಹೊಲಿಗೆ ಹಾಕುತ್ತಿದ್ದ: "ಗಾಜು ಕೊಯ್ಯೋಕೆ ಅಕ್ಕಂಗೆ ವಜ್ರ ಯಾಕೆ? ನಾಲಿಗೆ ಇದೆಯಲ್ಲ." ಮೂಲೆಯ ಔಷಧಿ ಅಂಗಡಿಯವನು ಆಟಗಾರರ ಸರಾಸರಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವನು. ಅವನು ಕನ್ನಡಕ ಮೇಲೇರಿಸಿ ಇಷ್ಟೇ ಹೇಳುತ್ತಿದ್ದ: "ದೇವರೇ ಬ್ಯಾಟ್ ಹಿಡ್ಕೊಂಡು ಬಂದ್ರೂ ಆಕೆ 'ಕಾಲು ಮುಂದಕ್ಕೆ ಬರಲಿಲ್ಲ' ಅಂತಾಳೆ."

ಹೀಗೆ ಆಡಿಕೊಂಡವರೆಲ್ಲ ಟೆಸ್ಟ್ ಪಂದ್ಯದ ಐದೂ ದಿನ ಅವಳ ಅಂಗಡಿಯ ಮೆಟ್ಟಿಲ ಮೇಲೇ ಬಿದ್ದಿರುತ್ತಿದ್ದರು ಎನ್ನುವುದು ಬೇರೆ ಮಾತು. ಯಾಕೆಂದರೆ ರೇಡಿಯೋ ಇದ್ದದ್ದು ಅಲ್ಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿಸಿಟ್ಟ ಮರದ ಪಟ್ಟಿಗಳು, ನಡುವೆ ಕಂಬಳಿ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಗಾಜಿನ ಹಾಳೆ, ಅಂಟಿನ ಡಬ್ಬಿ, ಚಿಕ್ಕ ಮೊಳೆಗಳ ತಟ್ಟೆ. ಮೇಜಿನ ತುದಿಯಲ್ಲಿ, ಒಂದು ಗುಂಡಿ ಕಳೆದುಕೊಂಡ ಹಳೆಯ ರೇಡಿಯೋ. ಅದು ಅವಳ ಗಂಡನದು, ಅಂಗಡಿಯೂ ಅವನದೇ. ಅವನು ಹೋದ ಮೇಲೆ ಎರಡನ್ನೂ ಅವಳು ನಿಲ್ಲಿಸಲಿಲ್ಲ.

ಗಂಡ ಕಲಿಸಿದ ಲೆಕ್ಕ ಒಂದೇ ಇತ್ತು. ಮೊದಲ ದಿನ ಪಟ್ಟಿ ಕೊಯ್ಯುವುದು, ಎರಡನೆಯ ದಿನ ಮೂಲೆ ಕೂಡಿಸಿ ಅಂಟು ಹಾಕುವುದು, ಮೂರನೆಯ ದಿನ ಉಜ್ಜಿ ಬಣ್ಣ ಕೊಡುವುದು, ನಾಲ್ಕನೆಯ ದಿನ ಗಾಜು, ಐದನೆಯ ದಿನ ಹಿಂಬದಿ ಮುಚ್ಚುವುದು. ಐದು ದಿನದ ಕೆಲಸಕ್ಕೆ ಐದು ದಿನದ ಆಟ. ಅದಕ್ಕಿಂತ ಬೇಗ ಮುಗಿಯುವ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಮೂರು ಗಂಟೆಯ ಪಂದ್ಯಗಳು ಬಂದಾಗ ಬೀದಿಗೆ ಬೀದಿಯೇ ಕುಣಿಯಿತು. ಅವಳು ರೇಡಿಯೋದ ಕಿವಿ ಹಿಂಡಿ, "ಅದು ಆಟ ಅಲ್ಲ, ಬಸ್ ಹೊರಟಾಗ ಸೀಟು ಹಿಡಿಯೋ ಗದ್ದಲ" ಎಂದಳು.

ಒಮ್ಮೆ ದರ್ಜಿ ಸುರುಳಿ ಸುತ್ತಿದ ಪಟ ಕಂಕುಳಲ್ಲಿ ಇಟ್ಟುಕೊಂಡು ಬಂದ. ಆಗ ಊರೆಲ್ಲ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ ಎಡಗೈ ಆಟಗಾರನದು.

"ಅಕ್ಕ, ಚಿನ್ನದ ಬಣ್ಣದ ಪಟ್ಟಿ ಹಾಕಿ. ದೊಡ್ಡ ಆಟಗಾರ."

"ಯಾವ ಕಡೆಯಿಂದ ದೊಡ್ಡವನು?"

"ಹೋದ ಟೆಸ್ಟಲ್ಲಿ ನೂರಾ ಎಂಬತ್ತು ಹೊಡೆದ."

"ಎಲ್ಲಿ ಹೊಡೆದ? ತನ್ನ ಮನೆ ಅಂಗಳದಲ್ಲಿ. ಅಲ್ಲಿ ಚೆಂಡು ಮೊಣಕಾಲಿನ ಮೇಲೆ ಏಳಲ್ಲ. ಹಸಿರು ಹುಲ್ಲಿರೋ ಕಡೆ ಕರ್ಕೊಂಡು ಹೋಗಿ ನೋಡು, ನೀನು ಟೇಪು ಸುತ್ತೋ ಹಾಗೆ ಚೆಂಡು ಅವನ ಸೊಂಟದ ಸುತ್ತ ಓಡಾಡುತ್ತೆ."

"ಹಾಗಾದ್ರೆ ಕಟ್ಟು ಹಾಕಲ್ವಾ?"

"ಹಾಕ್ತೀನಿ. ಮೊಳೆ ಮಾತ್ರ ಗಟ್ಟಿ ಹೊಡೆಯಲ್ಲ. ಹೇಗೂ ಎರಡು ವರ್ಷಕ್ಕೆ ಬಿಚ್ಚಿಸೋಕೆ ಬರ್ತೀಯ."

ಎರಡು ವರ್ಷ ಬೇಕಾಗಲಿಲ್ಲ. ಎಡಗೈಯವನು ಹೊರನಾಡಿಗೆ ಹೋಗಿ ಆರು ಸಲ ಸೊನ್ನೆಗೆ ಔಟಾಗಿ ಬಂದ. ದರ್ಜಿ ಅದೇ ಕಟ್ಟನ್ನು ಪೇಪರಿನಲ್ಲಿ ಮುಚ್ಚಿ ತಂದು, "ಒಳಗಿನದನ್ನ ಬದಲಾಯಿಸಿ ಅಕ್ಕ" ಎಂದ. ಈ ಸಲ ತಂದದ್ದು ಉದ್ದ ಕೂದಲಿನ ವೇಗದ ಬೌಲರನದು. ಅವಳು ಅವನ ಮುಖವನ್ನೂ ನೋಡಿದಳು, ಪಟದ ಮುಖವನ್ನೂ ನೋಡಿದಳು, "ಚಿನ್ನದ ಪಟ್ಟಿ ಹಾಗೇ ಇರಲಿ, ನಿನ್ನ ದೇವರುಗಳಿಗಿಂತ ಅದು ಬಾಳಿಕೆ ಬರುತ್ತೆ" ಎಂದಳು.

ಆ ಕಟ್ಟನ್ನು ಬಿಚ್ಚುವಾಗ ಅವಳ ತುಟಿಯ ಕೊನೆಯಲ್ಲಿ ಒಂದು ನಗು ಬಂದು ಹೋಯಿತು. ಅದಕ್ಕೆ ಕಾರಣ ಇತ್ತು, ಅವಳೊಬ್ಬಳಿಗೇ ಗೊತ್ತಿದ್ದದ್ದು. ಹಿಂಬದಿಯ ರಟ್ಟಿನ ಮೇಲೆ, ಕಂದು ಕಾಗದ ಅಂಟಿಸುವ ಮುಂಚೆ, ಪೆನ್ಸಿಲಿನಲ್ಲಿ ತಾರೀಕು ಬರೆಯುವುದು ಗಂಡನ ಕಾಲದ ಕ್ರಮ. ಅವಳು ತಾರೀಕಿನ ಕೆಳಗೆ ತೀರ್ಪನ್ನೂ ಬರೆಯತೊಡಗಿದ್ದಳು. ಎಡಗೈಯವನ ಬೆನ್ನಿಗೆ, "ಅಂಗಳದಲ್ಲಿ ಹುಲಿ, ವಿಮಾನ ಹತ್ತಿದರೆ ಇಲಿ." ಉದ್ದ ಕೂದಲಿನವನ ಬೆನ್ನಿಗೆ, "ಅರ್ಧ ಶಕ್ತಿ ಓಡಿ ಬರುವುದಕ್ಕೆ, ಉಳಿದರ್ಧ ಕೂದಲು ಹಾರಿಸುವುದಕ್ಕೆ. ಚೆಂಡಿನ ಪಾಲಿಗೆ ಏನೂ ಇಲ್ಲ." ಕಪ್ತಾನನ ಬೆನ್ನಿಗೆ, "ಗೆದ್ದರೆ ತನ್ನ ತಲೆ, ಸೋತರೆ ಮೋಡದ ತಪ್ಪು." ಬರೆದು, ಕಾಗದ ಅಂಟಿಸಿ, ಮೊಳೆ ಹೊಡೆದು, ಮುಂಭಾಗ ಒರೆಸಿ ಕೊಡುತ್ತಿದ್ದಳು. ಕೊಟ್ಟ ಕಟ್ಟನ್ನು ಜನ ಎದೆಗೆ ಅವುಚಿಕೊಂಡು ಹೋಗುತ್ತಿದ್ದರು. ಗೋಡೆಗೆ ಹೋದ ಪಟದ ಹಿಂಬದಿ ನೋಡುವವರು ಯಾರು? ಬಿಚ್ಚುವುದಾದರೂ ಅವಳ ಕೈಗೇ ಬರಬೇಕು. ಆಗ ತಾನು ಬರೆದದ್ದನ್ನು ತಾನೇ ಓದಿ, ನಿಜವಾದದ್ದನ್ನು ಕಂಡು, ರಟ್ಟನ್ನು ಒಲೆಗೆ ಹಾಕುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ಒಂದನ್ನು ಬಿಟ್ಟು.

ಅದು ನಾದಿನಿಯದು. ಗಂಡನ ತಂಗಿ, ಮದುವೆ ಬೇಡವೆಂದು ಉಳಿದವಳು, ಟೆಲಿಫೋನ್ ಕಚೇರಿಯಲ್ಲಿ ಲೈನ್ ಜೋಡಿಸುವ ಕೆಲಸ. ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಳು. ಅಣ್ಣ ಸತ್ತ ಮಾರನೆಯ ವಾರ, ಕೆಲಸ ಮುಗಿಸಿ ಬಂದವಳು ಚೀಲ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಮೇಜಿನ ಆ ಕೊನೆಗೆ ನಿಂತು ಗಾಜು ಹಿಡಿದಳು. ಆವತ್ತಿನಿಂದ ಇಪ್ಪತ್ತು ವರ್ಷ ದಿನಾ ಸಂಜೆ ಹಿಡಿದಳು. ಅತ್ತಿಗೆ ಕೊಯ್ಯುವುದು, ನಾದಿನಿ ಹಿಡಿಯುವುದು. ಅತ್ತಿಗೆ ಮಾತಾಡುವುದು, ನಾದಿನಿ ಕೇಳುವುದು.

ಆ ನಾದಿನಿ ಒಂದು ದಿನ ವಾರಪತ್ರಿಕೆಯಿಂದ ಕತ್ತರಿಸಿದ ಪುಟ ತಂದು ಮೇಜಿನ ಮೇಲಿಟ್ಟಳು. "ಅತ್ತಿಗೆ, ಇದಕ್ಕೊಂದು ಕಟ್ಟು ಹಾಕಿಕೊಡ್ತೀರಾ?"

ತಂಡಕ್ಕೆ ಹೊಸದಾಗಿ ಸೇರಿದ್ದ ಆರಂಭದ ಆಟಗಾರ. ಮೊದಲ ಟೆಸ್ಟಿನಲ್ಲಿ ನಾಲ್ಕು ಗಂಟೆ ನಿಂತು ಇಪ್ಪತ್ತೆರಡು ಓಟ ಮಾಡಿದ್ದ. ಬೀದಿಯವರು ಅವನಿಗೆ ಅದಾಗಲೇ ಆಮೆ ಎಂದು ಹೆಸರಿಟ್ಟಾಗಿತ್ತು.

"ಇವನಾ? ಊರಲ್ಲಿ ಇನ್ಯಾರೂ ಸಿಗಲಿಲ್ವೇನೇ ನಿಂಗೆ?"

"ದಿನಾ ನಾನೂರು ಜನ ನನ್ನ ಬೈತಾರೆ ಅತ್ತಿಗೆ, ಲೈನ್ ಸಿಗಲಿಲ್ಲ ಅಂತ. ನಾನು ತಿರುಗಿ ಬೈಯಲ್ಲ, ಲೈನ್ ಕೊಡ್ತೀನಿ. ಇವನೂ ಹಾಗೇ. ಬೈದವರ ಕಡೆ ನೋಡೋದೇ ಇಲ್ಲ."

ಅಕ್ಕನಿಗೆ ಅವನ ನಿಧಾನದ ಮೇಲೆ ಸಿಟ್ಟಿರಲಿಲ್ಲ. ಅವಳ ಆಕ್ಷೇಪ ಬೇರೆ. ಬ್ಯಾಟು ನೆಟ್ಟಗೆ ಬರದೆ ಓರೆಯಾಗಿ ಇಳಿಯುತ್ತದೆ ಎಂದು ರೇಡಿಯೋದವರು ಎರಡು ಸಲ ಹೇಳಿದ್ದರು. ದಿನವಿಡೀ ಮೂಲೆಮಟ್ಟ ಹಿಡಿದು ಕೋನ ನೋಡುವವಳಿಗೆ ಅಷ್ಟು ಸಾಕು. ಮೂಲೆ ಕೂದಲೆಳೆಯಷ್ಟು ಓರೆಯಾದರೂ ಕಟ್ಟು ನಿಲ್ಲದು ಎನ್ನುವುದು ಅವಳ ಬದುಕಿನ ಮೊದಲನೆಯ ಪಾಠ. ನಾದಿನಿ ಒದ್ದೆ ಪೇಪರಿನಿಂದ ಗಾಜು ಉಜ್ಜುತ್ತಿದ್ದಾಗ ಅವಳು ಗೋಡೆಯ ಕಡೆ ತಿರುಗಿ ರಟ್ಟಿನ ಮೇಲೆ ಬರೆದಳು: "ಬ್ಯಾಟು ಓರೆ. ಎರಡು ವರ್ಷಕ್ಕೆ ಮೇಲೆ ನಿಲ್ಲುವುದಿಲ್ಲ. ಇವನನ್ನು ಮೆಚ್ಚುವವರೂ ಇವನಷ್ಟೇ ಮಂಕು."

ಆಮೆ ಹದಿನಾಲ್ಕು ವರ್ಷ ಆಡಿದ.

ಹದಿನಾಲ್ಕು ವರ್ಷವೂ ಮೆಟ್ಟಿಲ ಮೇಲಿನ ಅಭಿಮಾನಿಗಳು ಅವನನ್ನು ಮಾತಿನಲ್ಲೇ ಉಪ್ಪಿನಕಾಯಿ ಹಾಕಿದರು. ಔಷಧಿ ಅಂಗಡಿಯವನು ಅವನ ಓಟದ ವೇಗವನ್ನು ದಶಾಂಶದವರೆಗೆ ಎಳೆದು ನಗಿಸುತ್ತಿದ್ದ. ದರ್ಜಿ, "ಇವನು ಕ್ರೀಸಿಗೆ ಬಂದ್ರೆ ನಾನು ಎರಡು ಕೋಟು ಹೊಲಿದು ಮುಗಿಸ್ತೀನಿ" ಎನ್ನುತ್ತಿದ್ದ. ಅಕ್ಕನೂ ಸುಮ್ಮನಿರುತ್ತಿರಲಿಲ್ಲ. ಆದರೆ ಆರನೆಯ ವರ್ಷದ ಹೊತ್ತಿಗೇ ಅವಳಿಗೆ ಒಳಗೊಳಗೆ ಗೊತ್ತಾಗಿತ್ತು, ಬ್ಯಾಟು ಓರೆ ಬಂದರೂ ಚೆಂಡು ಬಂದ ಕಡೆಗೇ ಬರುತ್ತದೆ ಎಂದು. ಗೊತ್ತಾದರೆ ಹೇಳಬೇಕೆಂದೇನಿದೆ? ಅವಳು ಹೇಳಲಿಲ್ಲ.

ಹೇಳದಿರುವುದಕ್ಕೆ ಅವಳಿಗೊಂದು ಸಮರ್ಥನೆಯೂ ಸಿಕ್ಕಿತು. ಆಮೆ ತನ್ನ ಆಟದ ಕೊನೆಗಾಲದಲ್ಲಿ, ಸೋಲಲೇಬೇಕಿದ್ದ ಒಂದು ಪಂದ್ಯದಲ್ಲಿ, ಕೊನೆಯ ದಿನ ಪೂರ್ತಿ ನಿಂತು ಮೂವತ್ತೊಂದು ಓಟ ಮಾಡಿ ತಂಡವನ್ನು ಉಳಿಸಿದ. ಆ ವಾರ ಅಂಗಡಿಗೆ ಹನ್ನೊಂದು ಆಮೆಗಳು ಬಂದವು. ದರ್ಜಿ ತಂದ, ಔಷಧಿ ಅಂಗಡಿಯವನು ತಂದ, ಹಿಂದಿನ ವಾರ ಅವನನ್ನು ಮನೆಗೆ ಕಳಿಸಿ ಎಂದವರೆಲ್ಲ ತಂದರು.

"ನಾನು ಮೊದಲಿಂದ ಹೇಳ್ತಾನೇ ಇದ್ದೆ" ಎಂದ ಔಷಧಿ ಅಂಗಡಿಯವನು.

"ಹೌದು ಹೌದು. ಕನಸಲ್ಲಿ ಹೇಳಿರ್ತೀಯ" ಎಂದಳು ಅಕ್ಕ. "ನಿಮ್ಮದೆಲ್ಲ ಬಟ್ಟೆ ಅಂಗಡಿ ಕನ್ನಡಿ ಹಾಗೆ. ಎದುರಿಗೆ ಯಾರು ನಿಂತ್ರೆ ಅವನೇ ನಿಮ್ಮ ಮುಖ."

ಹನ್ನೊಂದಕ್ಕೂ ಕಟ್ಟು ಹಾಕಿದಳು. ಹನ್ನೊಂದರ ಹಿಂಬದಿಯಲ್ಲೂ ಒಂದೇ ಸಾಲು: "ನಿನ್ನೆ ಬೈದವನದು." ಅವರನ್ನೆಲ್ಲ ನೋಡಿದ ಮೇಲೆ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಈಗ ಮಾತು ಬದಲಾಯಿಸಿದರೆ ನಾನು ಹನ್ನೆರಡನೆಯವಳು. ಆ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ.

ಅದೇ ಹಟ ಮನೆಯನ್ನು ಒಡೆಯಿತು. ಆಮೆ ಇನ್ನೊಂದೇ ಟೆಸ್ಟ್ ಆಡಿ ಆಟ ಬಿಡುತ್ತೇನೆಂದು ಹೇಳಿದ. ಪಂದ್ಯ ಇದ್ದ ಊರಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಇಪ್ಪತ್ತು ವರ್ಷದಲ್ಲಿ ಆ ಒಂದು ಕಟ್ಟು ಬಿಟ್ಟರೆ ಏನನ್ನೂ ಕೇಳದ ನಾದಿನಿ ಎರಡು ಟಿಕೆಟ್ ತಂದು, ಮೆಟ್ಟಿಲ ಮೇಲೆ ಎಲ್ಲರೂ ಕೂತಿದ್ದಾಗಲೇ ಮೇಜಿನ ಮೇಲಿಟ್ಟಳು.

"ಐದು ದಿನ, ಇಬ್ಬರೂ ಹೋಗಿ ಬರೋಣ ಅತ್ತಿಗೆ. ಒಂದು ಸಲನಾದ್ರೂ ಕಣ್ಣಾರೆ ನೋಡೋಣ."

ಅಕ್ಕ ಗಾಜಿನಿಂದ ತಲೆಯೆತ್ತಲಿಲ್ಲ. "ನಿದ್ದೆ ಮಾಡೋಕೆ ಅಷ್ಟು ದೂರ ಯಾಕೇ ಹೋಗ್ಬೇಕು? ಮಹಡಿ ಮೇಲೆ ಹಾಸಿಗೆ ಇಲ್ವಾ?"

ಮೆಟ್ಟಿಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೋಡೆಯ ಮೇಲೆ ಅದೇ ಆಮೆಯನ್ನು ತೂಗುಹಾಕಿದವರೇ ಜೋರಾಗಿ ನಕ್ಕರು. ನಾದಿನಿ ಒಂದು ಟಿಕೆಟ್ ತೆಗೆದುಕೊಂಡಳು, ಒಂದನ್ನು ಮೇಜಿನ ಮೇಲೇ ಬಿಟ್ಟಳು. ಒಬ್ಬಳೇ ಹೋಗಿ ಐದು ದಿನ ನೋಡಿ ಬಂದಳು. ಬಂದ ಮೇಲೆ ಕೆಲಸದಿಂದ ನಿವೃತ್ತಿ ತೆಗೆದುಕೊಂಡು, ಪಕ್ಕದ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದು ಹೊರಟುಹೋದಳು. ಹೋಗುವಾಗ ಬಟ್ಟೆ ಒಯ್ದಳು, ಪಾತ್ರೆ ಒಯ್ದಳು. ಆಮೆಯ ಪಟವನ್ನು ಮಹಡಿಯ ಗೋಡೆಯ ಮೇಲೇ ಬಿಟ್ಟಳು.

"ನೋಡ್ದಾ? ಆಮೇನ ನನ್ನ ತಲೆಗೆ ಕಟ್ಟಿ ಹೋದಳು" ಎಂದಳು ಅಕ್ಕ ದರ್ಜಿಗೆ. ಎರಡು ವರ್ಷ ಮಹಡಿ ಹತ್ತಲಿಲ್ಲ.

ಗಾಜನ್ನು ಒಬ್ಬಳೇ ಹಿಡಿದು ಒಬ್ಬಳೇ ಕೊಯ್ಯುವುದು ಆಗದ ಮಾತು. ಕೊಯ್ದ ಗೆರೆ ಸೊಟ್ಟ ಹೋಗತೊಡಗಿತು. ಮೊದಲು ಗಾಜಿನ ತಪ್ಪು ಎಂದಳು, ಆಮೇಲೆ ವಜ್ರ ಸವೆದಿದೆ ಎಂದಳು. ಕಣ್ಣಿನ ಡಾಕ್ಟರು ಎರಡೂ ಅಲ್ಲ ಎಂದರು. ಅಂಗಡಿಯ ಪಟ್ಟಿ, ಮೇಜು, ಅಂಟಿನ ಡಬ್ಬಿ ಎಲ್ಲ ಬೇರೊಬ್ಬ ಕಟ್ಟಿನವನ ಪಾಲಾದವು. ದೊಡ್ಡ ಪೇಟೆಯಲ್ಲಿರುವ ತಮ್ಮ, "ನಮ್ಮನೆಗೆ ಬಂದುಬಿಡು ಅಕ್ಕ, ದೊಡ್ಡ ಟಿವಿ ಇದೆ, ದಿನಾ ಮ್ಯಾಚು" ಎಂದ. ದಿನಾ ಮ್ಯಾಚು ಎಂದರೆ ಯಾವ ಮ್ಯಾಚು ಎಂದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಅಜ್ಜನಿಂದ ಮೊಮ್ಮಕ್ಕಳವರೆಗೆ ಎಲ್ಲರಿಗೂ ಮೂರು ಗಂಟೆಯ ಆಟದ ಹುಚ್ಚು. ಒಂದು ಹಬೆಯ ಪಾತ್ರೆಯಲ್ಲಿ ಕೂತ ಹಾಗೆ ಉಳಿದ ಕಾಲ ಕಳೆಯಬೇಕು. ಬೇರೆಲ್ಲಿಗೆ ಹೋಗುವುದು? ಹೋಗಬೇಕಾದ ಇನ್ನೊಂದು ಮನೆ ಯಾವುದೆಂದು ಗೊತ್ತಿತ್ತು. ಅದರ ಬಾಗಿಲು ತಟ್ಟಬೇಕಾದರೆ ಏನು ಹೇಳಬೇಕು ಎನ್ನುವುದೂ ಗೊತ್ತಿತ್ತು. ಅದೊಂದೇ ಬಾಯಿಗೆ ಬರುತ್ತಿರಲಿಲ್ಲ. "ಬರ್ತೀನಿ" ಎಂದು ತಮ್ಮನಿಗೆ ಹೇಳಿದಳು.

ಹೊರಡುವ ದಿನ ಬೆಳಿಗ್ಗೆ, ಹತ್ತು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿದ್ದಾಗ, ಕಿಟಕಿ ಹಾಕಿದೆಯೇ ನೋಡಿ ಬರೋಣವೆಂದು ಮಹಡಿ ಹತ್ತಿದಳು. ಬರಿಯ ಗೋಡೆಯ ಮೇಲೆ ಆಮೆ ಒಬ್ಬನೇ ಬ್ಯಾಟು ಊರಿ ನಿಂತಿದ್ದ. ಮನೆಗೆ ಬರುವ ಹೊಸಬರು ಅದನ್ನು ಬಿಚ್ಚಿದರೆ? ತಾನು ಬರೆದದ್ದು ಅವರ ಕೈಗೆ ಸಿಕ್ಕರೆ? ಬೇಡಪ್ಪ ಎಂದುಕೊಂಡು ಕೆಳಗಿಳಿಸಿ, ಬೆಳಕಿಗೆ ಒಯ್ದು, ರಟ್ಟು ಕಿತ್ತು ಹರಿದು ಹಾಕಲು ಹಿಂದೆ ತಿರುಗಿಸಿದಳು.

ತಿರುಗಿಸಿದವಳು ಹಾಗೇ ನಿಂತಳು. ಮೊಳೆಗಳು ಅವಳವಲ್ಲ.

ಕಣ್ಣು ಮಂಜಾಗಿರಬಹುದು, ಬೆರಳಿಗೆ ಮಂಜು ಕವಿದಿರಲಿಲ್ಲ. ಅವಳು ಹೊಡೆಯುವ ಮೊಳೆಗಳ ನಡುವೆ ನಾಲ್ಕು ಬೆರಳು, ಒಂದೇ ಸಾಲು, ತಲೆ ಮರದೊಳಗೆ. ಇಲ್ಲಿ ಮೂರು ಬೆರಳಿಗೊಂದು, ಎರಡಕ್ಕೊಂದು, ಒಂದು ಬಲಕ್ಕೆ ವಾಲಿದ್ದು, ಒಂದು ಎಡಕ್ಕೆ. ಪಕ್ಕದಲ್ಲೆಲ್ಲ ಹಳೆಯ ತೂತುಗಳು, ಜರಡಿಯ ಹಾಗೆ. ಒಂದು ಸಲ ಬಿಚ್ಚಿದ ಗುರುತಲ್ಲ ಅದು.

ಕಂದು ಕಾಗದ ಹರಿದು ರಟ್ಟು ತೆಗೆದಳು. ಮೂಗಿಗೆ ಹತ್ತಿರ ಹಿಡಿದು ಓದಿದಳು. ಮೇಲೆ ತನ್ನದೇ ಅಕ್ಷರ: ಓರೆ, ಎರಡು ವರ್ಷ, ಮಂಕು. ಅದರ ಕೆಳಗೆ ದುಂಡನೆಯ ಇನ್ನೊಂದು ಅಕ್ಷರ. ಮೇಲಿನದನ್ನು ಬರೆದ ದಿನಕ್ಕೆ ಸರಿಯಾಗಿ ಎರಡು ವರ್ಷ ತುಂಬಿದ ತಾರೀಕು. "ಎರಡು ವರ್ಷವಾಯಿತು. ಇನ್ನೂ ಆಡುತ್ತಿದ್ದಾನೆ." ಮರುವರ್ಷ ಅದೇ ತಾರೀಕು. "ಇನ್ನೂ ಆಡುತ್ತಿದ್ದಾನೆ." ಮರುವರ್ಷ. "ಇನ್ನೂ ಆಡುತ್ತಿದ್ದಾನೆ." ಹೀಗೆ ಹನ್ನೆರಡು ಸಾಲು. ಹದಿಮೂರನೆಯದು, ಆ ಕೊನೆಯ ಟೆಸ್ಟ್ ಮುಗಿದ ವಾರದ್ದು: "ತಾನಾಗಿ ಬಿಟ್ಟ. ಯಾರೂ ಕಳಿಸಲಿಲ್ಲ. ಅತ್ತಿಗೆಗೆ ನಾನು ಹೇಳುವುದಿಲ್ಲ, ಅವರೇ ಬಿಚ್ಚಿ ನೋಡಲಿ."

ಹಾಸಿಗೆಯಿಲ್ಲದ ಮಂಚದ ಮೇಲೆ ಅಕ್ಕ ಕೂತಳು. ಪಕ್ಕದಲ್ಲೇ ನಿಂತು ಗಾಜು ಹಿಡಿದವಳಿಗೆ, ಅತ್ತಿಗೆ ಗೋಡೆಯ ಕಡೆ ತಿರುಗಿ ಏನು ಗೀಚುತ್ತಾಳೆ ಎನ್ನುವುದು ಕಾಣಲಿಲ್ಲವೆಂದು ನಂಬಿದ್ದಳಲ್ಲ! ತನ್ನನ್ನು ಮಂಕು ಎಂದು ಬರೆದದ್ದನ್ನು ಓದಿಕೊಂಡ ದಿನವೂ ಅವಳು ಸಂಜೆ ಕೆಳಗಿಳಿದು ಬಂದಿದ್ದಾಳೆ, ಸೆರಗು ಸಿಕ್ಕಿಸಿದ್ದಾಳೆ, ಗಾಜು ಹಿಡಿದಿದ್ದಾಳೆ. ಮಾರನೆಯ ದಿನವೂ. ಮತ್ತೆ ಹನ್ನೆರಡು ವರ್ಷ. ಒಂದು ದಿನವಾದರೂ ಕೈ ನಡುಗಿಸಿದ್ದರೆ ಗಾಜು ಒಡೆದು ಅಕ್ಕನ ಬೆರಳು ಹೋಗುತ್ತಿತ್ತು.

ಮೆಟ್ಟಿಲ ಮೇಲಿನ ಕುರಿಗಳ ಸಾಲಿಗೆ ಹೆದರಿ ತಾನು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ಸಾಲಿನಲ್ಲಿ ಎಂದೂ ನಿಲ್ಲದವಳು ಒಬ್ಬಳಿದ್ದಳು, ಅದೂ ಮನೆಯೊಳಗೇ.

ಕೆಳಗಿಳಿದು ಫೋನ್ ಮಾಡಿದಳು. ಆ ಕಡೆ ಎರಡನೆಯ ರಿಂಗಿಗೇ ನಾದಿನಿ ಎತ್ತಿದಳು. ಟೆಲಿಫೋನ್ ಕಚೇರಿಯ ಅಭ್ಯಾಸ.

"ಎಷ್ಟು ಸಲ ಬಿಚ್ಚಿದೆಯೇ?"

"ಹದಿಮೂರು."

"ಮೊಳೆ ಎಲ್ಲ ಓರೆ ಹೊಡೆದಿದ್ದೀಯ."

"ಕಟ್ಟು ಬಿದ್ದಿದೆಯಾ ಅತ್ತಿಗೆ?"

"ಇಲ್ಲ."

"ಮತ್ತೆ?"

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ನಾನು ಬರೆದದ್ದು ತಪ್ಪು" ಎಂದಳು.

"ಏನಂದ್ರಿ? ಲೈನ್ ಸರಿಯಿಲ್ಲ, ಜೋರಾಗಿ ಹೇಳಿ."

"ಲೈನ್ ಸರಿಯಾಗೇ ಇದೆ. ನಿಂಗೆ ಎರಡು ಸಲ ಕೇಳ್ಬೇಕು, ಅಷ್ಟೇ. ತಪ್ಪು ಅಂದೆ. ಬ್ಯಾಟಿನ ಮಾತೂ ತಪ್ಪು, ಮಂಕು ಅಂದದ್ದೂ ತಪ್ಪು. ಆ ಟಿಕೆಟ್ಟಿನ ದಿನ ಆಡಿದ ಮಾತು ಇದೆಯಲ್ಲ, ಅದಕ್ಕಿಂತ ದೊಡ್ಡ ತಪ್ಪು ನಾನು ಮಾಡಿಲ್ಲ."

  

"ನಾಳೆಯಿಂದ ಟೆಸ್ಟ್ ಇದೆ" ಎಂದಳು ನಾದಿನಿ. "ಆರಂಭಕ್ಕೆ ಯಾರೋ ಹೊಸಬ. ನನ್ನ ಹತ್ರ ರೇಡಿಯೋ ಇಲ್ಲ."

"ನನ್ನ ಹತ್ರ ಇದೆ."

"ಒಂದು ಗುಂಡಿ ಇಲ್ಲದ್ದು."

"ಅದೇ."

"ತಗೊಂಡು ಬನ್ನಿ. ಆ ಹೊಸಬನ್ನ ಮಾತ್ರ ಐದು ದಿನ ನೋಡಿ ಆಮೇಲೆ ಬೈಬೇಕು."

"ಮೂರು ದಿನ."

"ಐದು."

ಅಕ್ಕ ಫೋನಿಟ್ಟಳು. ರಟ್ಟನ್ನು ಒಲೆಗೆ ಹಾಕಲಿಲ್ಲ. ಹದಿಮೂರನೆಯ ಸಾಲಿನ ಕೆಳಗೆ ಅವತ್ತಿನ ತಾರೀಕು ಬರೆದು, "ನೋಡಿದೆ" ಎಂದಷ್ಟೇ ಬರೆದಳು. ಕಾಗದ ಅಂಟಿಸಲಿಲ್ಲ. ರಟ್ಟನ್ನು ಕಟ್ಟಿನೊಳಗೆ ಕೂರಿಸಿ, ಅವೇ ಓರೆ ಮೊಳೆಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ಗಟ್ಟಿಯಾಗಿಯೇ ನಿಂತವು.

ಬಾಗಿಲಿಗೆ ಬೀಗ ಹಾಕಿದಾಗ ದರ್ಜಿ ಸೂಜಿ ಬಾಯಲ್ಲಿಟ್ಟುಕೊಂಡು ಹೊರಗೆ ಬಂದ. ಅಕ್ಕನ ಒಂದು ಕೈಯಲ್ಲಿ ಚೀಲ, ಹೆಗಲಿಗೆ ಹಗ್ಗ ಕಟ್ಟಿದ ರೇಡಿಯೋ, ಇನ್ನೊಂದು ಕಂಕುಳಲ್ಲಿ ಕಟ್ಟು, ಬರೆದ ಹಿಂಬದಿ ಹೊರಗಾಗಿ.

"ಅಕ್ಕ, ಪಟ ತಿರುಗಾ ಮುರುಗಾ ಹಿಡ್ಕೊಂಡಿದ್ದೀರಿ."

"ಸರಿಯಾಗೇ ಹಿಡ್ಕೊಂಡಿದ್ದೀನಿ. ಬೀಗದ ಕೈ ತಗೋ. ನನ್ನ ತಮ್ಮಂಗೆ ಫೋನ್ ಮಾಡಿ ಹೇಳು, ಆ ಟಿವಿ ಅವನೇ ನೋಡ್ಕೊಳ್ಳಲಿ."

"ಹತ್ತು ಗಂಟೆ ಬಸ್ಸು ಈ ಕಡೆಯಿಂದ ಹೋಗೋದು."

"ಗೊತ್ತು" ಎಂದು ಕಟ್ಟಿನಕ್ಕ ಪಕ್ಕದ ಊರಿನ ಬಸ್ಸು ನಿಲ್ಲುವ ಆ ಕಡೆಗೆ ನಡೆದಳು.